ಮೇಲಿನ ಕೋಣೆಯ ಬೆಂಕಿ

ಬ್ರೈಟನ್, ನವೆಂಬರ್ ೮, ೧೮೮೬. ಬೆಳಗ್ಗೆ

ಮೇಲಿನ ಕೋಣೆಯ ಥ್ವೇಟ್ ಅವರಿಗೆ ಕಳಿಸಿದ ಮೊಟ್ಟೆ ಇವತ್ತೂ ವಾಪಸು ಬಂತು. ಬೆಂದು ಗಟ್ಟಿಯಾಯಿತಂತೆ. ಜೀವವಿಕಾಸದ ಮೇಲೆ ಸಂಪುಟದ ಮೇಲೆ ಸಂಪುಟ ಬರೆದವರು, ಒಂದು ಮೊಟ್ಟೆಯನ್ನು ಕ್ಷಮಿಸಲಾರರು. ಊಟದ ಮೇಜಿನಲ್ಲಿ ಮಾತು ಬಿಸಿಯೇರಿದರೆ ಕಿವಿಗೆ ಹತ್ತಿಯ ಬಿಲ್ಲೆ ಒತ್ತಿಕೊಳ್ಳುತ್ತಾರೆ — ನಾಡಿ ಏರುತ್ತದಂತೆ. ಇರಲಿ. ದೇಶವೆಲ್ಲ ಓದುವ ತತ್ತ್ವಜ್ಞಾನಿ ನನ್ನ ಮನೆಯ ಬಾಡಿಗೆದಾರ. ಈ ಬೀದಿಯಲ್ಲಿ ಇನ್ಯಾರಿಗಿದೆ ಆ ಮರ್ಯಾದೆ?

ನವೆಂಬರ್ ೧೧

ಮಗಳು ಹೆಸ್ಟರ್‌ಗೆ ಹೆರಿಗೆ. ಏಳೇ ತಿಂಗಳಿಗೆ. ಅವಳ ಗಂಡ ಹಡಗಿನಲ್ಲಿ, ಎಲ್ಲೋ. ಹೆಣ್ಣು ಮಗು. ಡಾಕ್ಟರು ಹ್ಯಾಟು ಕೈಯಲ್ಲಿ ಹಿಡಿದೇ ಮಾತಾಡಿದರು — "ಬೆಚ್ಚಗಿಡಿ. ಅದಕ್ಕಿಂತ ಹೆಚ್ಚು ಏನೂ ಹೇಳಲಾರೆ." ಬುಟ್ಟಿಗೆ ಉಣ್ಣೆ ತುಂಬಿ ಅಡುಗೆಮನೆಯ ಒಲೆಯ ಪಕ್ಕ ಇಟ್ಟೆ. ಹೆಸ್ಟರ್ ಅತ್ತಳು. ನಾನು ಅಳಲಿಲ್ಲ. ಕೆಲಸವಿತ್ತು.

ನವೆಂಬರ್ ೧೩

ಥ್ವೇಟ್ ಕೆಳಗಿಳಿದು ಬಂದರು.

"ಮಿಸೆಸ್ ಪೆನಕ್, ಎಲ್ಲೋ ಬೆಕ್ಕಿನ ಮರಿ ಕೂಗ್ತಿದೆ. ಒಂದು ವಾಕ್ಯ ಮುಗಿಸೋಕಾಗ್ತಿಲ್ಲ."

"ಬೆಕ್ಕಲ್ಲ ಸ್ವಾಮಿ. ನನ್ನ ಮೊಮ್ಮಗಳು."

ಬಗ್ಗಿ ನೋಡಿದರು. ಬಹಳ ಹೊತ್ತು. "ಗಟ್ಟಿ ಇರೋದು ಉಳಿಯತ್ತೆ, ಇಲ್ಲದ್ದು ಹೋಗತ್ತೆ. ನಿಸರ್ಗಕ್ಕೆ ಅಡ್ಡ ಬಂದ್ರೆ ಸಂಕಟ ಉದ್ದ ಆಗತ್ತೆ, ಅಷ್ಟೆ."

ಹೆಸ್ಟರ್ ಬಾಗಿಲಲ್ಲೇ ಇದ್ದಳು. ಕೇಳಿಸಿಕೊಂಡಳು.

ನವೆಂಬರ್ ೧೬. ಮಧ್ಯಾಹ್ನ

ಪೆನ್ನು ಮುಟ್ಟಲು ಪುರುಸೊತ್ತಿರಲಿಲ್ಲ. ಸಮುದ್ರದ ಗಾಳಿ ತಿರುಗಿ ಅಡುಗೆಮನೆಯ ಚಿಮಣಿಯ ಹೊಗೆ ಒಳಗೇ ನುಗ್ಗುತ್ತಿದೆ. ಒಲೆ ಆರಿಸಬೇಕಾಯಿತು. ಮಗು ಕೂಗುವುದನ್ನೇ ನಿಲ್ಲಿಸಿದೆ. ತುಟಿ ನೀಲಿ. ಇಂಥ ಗಾಳಿಯಲ್ಲಿ ಹೊಗೆಯಿಲ್ಲದೆ ಉರಿಯುವುದು ಒಂದೇ ಬೆಂಕಿ — ಮೇಲೆ, ಥ್ವೇಟ್ ಅವರ ಕೋಣೆಯದು.

ಬುಟ್ಟಿ ಎತ್ತಿಕೊಂಡು ಹೋದೆ. ಬಾಗಿಲು ತಟ್ಟಲಿಲ್ಲ.

"ಏನಿದು? ನನ್ನ ಬರವಣಿಗೆ..."

"ನಿಲ್ಲಲಿ."

"ನಾನು ಬೇರೆ ಮನೆ ನೋಡ್ಕೋಬೇಕಾಗತ್ತೆ!"

"ನೋಡ್ಕೊಳ್ಳಿ. ಹೋದ ಫೆಬ್ರವರೀಲಿ ನಿಮ್ಮ ನಿಸರ್ಗ ನಿಮ್ಮನ್ನೂ ಕರ್ಕೊಂಡು ಹೋಗೋಕೆ ಬಂದಿತ್ತು. ಎದೆ ತುಂಬ ಕಫ. ಸಾಸಿವೆ ಪಟ್ಟು ಹಾಕಿ, ಚಮಚದಲ್ಲಿ ಸೂಪು ಕುಡಿಸಿ, ಬಾಗಿಲಲ್ಲೇ ತಡೆದೋಳು ನಾನು. ಆಗ ಅಡ್ಡ ಬರಬೇಡಿ ಅನ್ನಲಿಲ್ವಲ್ಲ ನೀವು?"

ಬೆಂಕಿಯ ಮುಂದಿದ್ದ ತಮ್ಮ ಕುರ್ಚಿ ಹಿಂದಕ್ಕೆಳೆದರು.

ಸಂಜೆ

ಹೆಸ್ಟರ್ ಮೇಲೆ, ಥ್ವೇಟ್ ಅವರ ಸೋಫಾದಲ್ಲೇ ನಿದ್ದೆಹೋಗಿದ್ದಾಳೆ. ನನ್ನನ್ನು ಕೆಳಗೆ ಕಳಿಸಿದ್ದು ಅವರೇ. "ಏನಾದ್ರೂ ತಿನ್ನಿ, ಬಿದ್ದೋಗ್ತೀರಿ. ಉಸಿರು ನಾನು ಕೇಳಿಸ್ಕೋತಿರ್ತೀನಿ." ಹತ್ತಿಯ ಬಿಲ್ಲೆಗಳು ಮೇಜಿನ ಮೇಲೆ. ಬುಟ್ಟಿಗೆ ಕಿವಿ ಹಚ್ಚಿ ನೆಲದ ಮೇಲೇ ಕೂತಿದ್ದಾರೆ. ನಾಡಿ ಎಷ್ಟಾಗಿದೆಯೋ, ಕೇಳಲಿಲ್ಲ.

ತಟ್ಟೆಯಲ್ಲಿ ತಣ್ಣನೆಯ ಮಾಂಸ. ಇಳಿಯುತ್ತಿಲ್ಲ. ಮೇಲೆ ಸದ್ದಿಲ್ಲ... ಇನ್ನೂ ಇಲ್ಲ.

ಏನೋ ಉರುಳಿತು. ಓಡಿದ ಹೆಜ್ಜೆ. ಮೆಟ್ಟಿಲ ಮೇಲಿಂದ ಅವರ ದನಿ —

"ಮಿಸೆಸ್ ಪೆನಕ್! ಬನ್ನಿ! ಬೆಕ್ಕು ಕೂಗ್ತಿದೆ!"

ಹೌದು. ಇಲ್ಲಿಗೂ ಕೇಳಿಸುತ್ತಿದೆ, ಮಗುವಿನ ಕೂಗು —