ಬೆಳ್ಳಿ ನೀರಿನ ಬಣ್ಣ

ಅಮ್ಮಾ,

ಇವತ್ತು ಆಸ್ಪತ್ರೆಯ ಬೆಂಚಿನಲ್ಲಿ ಕೂತಲ್ಲೇ ತೂಕಡಿಸಿದೆ. ಕಣ್ಣು ಬಿಟ್ಟರೆ ಮೂಗಿನ ಮೇಲೆ ಆಕ್ಸಿಜನ್ ಮಾಸ್ಕು. ನನ್ನ ನೀಲಿಗಟ್ಟಿದ ತುಟಿ ನೋಡಿ ನರ್ಸ್ ಹೌಹಾರಿದ್ದಳು.

"ಉಸಿರು ಸರಿಯಾಗೇ ಇದೆ ಸಿಸ್ಟರ್, ನನ್ನ ಬಣ್ಣಾನೇ ಇದು" ಅಂದೆ.

ಡಾಕ್ಟರು ನನ್ನ ಬೂದಿಬಣ್ಣದ ಉಗುರುಗಳನ್ನು ಒತ್ತಿ ನೋಡಿದರು. "ಕುಡಿದ ಬೆಳ್ಳಿ ಚರ್ಮದೊಳಗೇ ಕೂತು ಮೈ ನೀಲಿಗಟ್ಟಿಬಿಟ್ಟಿದೆಯಮ್ಮ, ಈ ಬಣ್ಣ ಇನ್ನು ಹೋಗಲ್ಲ. ಬೆಳ್ಳಿ ನೀರು ಕುಡಿ ಅಂತ ಯಾವ ಪುಣ್ಯಾತ್ಮರು ಹೇಳಿದ್ರು?"

ಕಾಯಿಲೆ ಹತ್ತಿರ ಸುಳಿಯದಿರಲೆಂದು ದಿನಾ ಬೆಳಿಗ್ಗೆ ಬಾಟಲಿ ಕುಲುಕಿ, ನನ್ನ ಗಲ್ಲ ಹಿಡಿದು, ಚಮಚ ಬಾಯಿಗಿಡುತ್ತಿದ್ದವಳು ನೀನು. "ನಾನೇ ಕುಡಿದೆ" ಅಂದುಬಿಟ್ಟೆ. ಸತ್ತವಳನ್ನು ಬೈಸಲು ಮನಸ್ಸಾಗಲಿಲ್ಲ.

ಮನೆಗೆ ಬಂದವಳೇ ಮುಖವನ್ನು ಉರಿಯುವಷ್ಟು ಉಜ್ಜಿದೆ. ಮಗಳಿಗೆ ಅಮ್ಮನದೇ ಬಣ್ಣ ಎಂದು ಎಲ್ಲರೂ ಹೇಳುತ್ತಿದ್ದರಲ್ಲ. ಇನ್ನು ಕನ್ನಡಿಯಲ್ಲಿ ನಿನ್ನನ್ನು ಎಲ್ಲಿ ಹುಡುಕಲಿ?