ಬಾವಿ ನೀರು ನೋಡುವ ಹುಡುಗಿ

೧೨ ಜುಲೈ ೧೯೬೩, ಶುಕ್ರವಾರ

ಸಿಕ್ಕ ಅವಕಾಶ ನಾನೇ ಬಿಟ್ಟುಬಂದೆ. ಅದೇ ತಲೆಯಲ್ಲಿ ಕೊರೆಯುತ್ತಿದೆ.

ಮುಂಬೈಯ ಚಿತ್ರಕಲಾ ಶಾಲೆ ಮುಗಿಸಿ ಬಂದ ಮೇಲೆ ಮಕ್ಕಳಿಗಾಗಿ ಐದು ಚಿತ್ರಕತೆ ಬರೆದಿದ್ದೇನೆ. ಐದರಲ್ಲೂ ವಿಜ್ಞಾನಿ ಹುಡುಗಿಯೇ. ಒಂದೂ ಅಚ್ಚಾಗಿಲ್ಲ. ಈ ಸಲದ್ದು, ಬಾವಿ ನೀರು ಪರೀಕ್ಷಿಸಿ ಊರಿನವರ ಕಾಲಲ್ಲಿ ದಾರದಂಥ ಹುಳು ಏಳಿಸುವ ನಾರುಹುಣ್ಣಿಗೆ ಕಾರಣ ಹುಡುಕುವವಳ ಕತೆ. ಬೆಳಿಗ್ಗೆ ಸ್ಟೇಷನ್ ರಸ್ತೆಯ ಕಚೇರಿಯಲ್ಲಿ ಮಕ್ಕಳ ಮಾಸಪತ್ರಿಕೆಯ ಸಂಪಾದಕ ದಶರಥರಾಯರು ಹಾಳೆ ತಿರುವಿ ನೋಡಿದರು.

"ರಾಜಬಿ, ಭಾಳ ಚಂದ ಬರದೀ. ಆದರ ಈಕಿಗೆ ಒಂದ್ ಮೀಸಿ ಬರದ ಕೊಡು, ನಾಳೆನ ಅಚ್ಚಿಗಿ ಹಾಕ್ತೇನಿ. ಹೆಣ್ಮಕ್ಕಳು ಬಾವಿಗಿ ನೀರ ತರಾಕ ಹೋಗ್ತಾರ, ಪರೀಕ್ಷಾ ಮಾಡಾಕಲ್ಲ."

ಹೂಂ ಎಂದುಬಿಟ್ಟೆ.

ಮಧ್ಯಾಹ್ನ ತಿಕೋಟಾದ ಶಾಲೆಯಲ್ಲಿ ಚಿತ್ರಕಲೆಯ ಪಾಠವಿತ್ತು. ಹುಡುಗಿಯರಿಗೆ ಅದೇ ಹಾಳೆಗಳನ್ನು ತೋರಿಸಿದೆ. ಕಾಲಿಗೆ ನಾರುಹುಣ್ಣಿನ ಪಟ್ಟಿ ಕಟ್ಟಿಕೊಂಡ ಪರಸವ್ವ ಸೂಕ್ಷ್ಮದರ್ಶಕದ ಚಿತ್ರ ಬಿಟ್ಟು ಏಳಲಿಲ್ಲ.

"ಅಕ್ಕಾರ, ಇದರಾಗ ನಮ್ಮ ಬಾವಿ ನೀರೂ ನೋಡಬಹುದೇನ್ರಿ?"

"ನೋಡಬಹುದವಾ."

"ನೀವು ನೋಡೀರೇನ್ರಿ?"

"ಇಲ್ಲ. ಪುಸ್ತಕ ನೋಡಿ ಬರದೇನಿ."

"ಹಂಗಾದ್ರ ನಾನ ನೋಡಿ ಹೇಳ್ತೇನ್ರಿ," ಎಂದಳು. ತಮಾಷೆಗೆ ಹೇಳಿದ್ದಲ್ಲ.

ಸಂಜೆ ಬಸ್ಸಿಳಿದು ಸೀದಾ ದಶರಥರಾಯರ ಬಳಿ ಹೋಗಿ, ಮೀಸೆ ಬರೆಯುವುದಿಲ್ಲ ಎಂದೆ.

"ಹಂಗಾರ ನಿನ್ನ ಕಡೇನ ಇಟಗೊಳ್ಳವಾ," ಎಂದರು. ಅವರಿಗೆ ಸಿಟ್ಟಿರಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಾಳೆ ಇಲ್ಲಿನ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ ಸೂಕ್ಷ್ಮದರ್ಶಕ ಒಂದು ಗಳಿಗೆ ಕೊಡುತ್ತೀರಾ ಎಂದು ಕೇಳಬೇಕು. ಕೊಟ್ಟರೆ, ಕಾಲು ವಾಸಿಯಾದ ಮೇಲೆ ಪರಸವ್ವನನ್ನೂ ಕರೆದೊಯ್ಯುತ್ತೇನೆ. ಬಾವಿ ನೀರನ್ನು ಸೀಸೆಯಲ್ಲಿ ಅವಳೇ ತರಲಿ. ಮೊದಲು ಅವಳೇ ನೋಡಲಿ, ಆಮೇಲೆ ನಾನು ನೋಡುತ್ತೇನೆ.