ಮೇಲಿನ ಸಾಲಿನಲ್ಲಿ ನನ್ನ ಹೆಸರು

ಖಣಿ ಏಳು, ಸೇಡಂ ಸೀಮೆ
ಜ್ಯೇಷ್ಠದ ಅರವತ್ತೆರಡನೆಯ ದಿನ, ೨೧೯೧

ಅಕ್ಕಂದಿರೇ,

ಮೇಲಿನ ತಾರೀಖು ನೋಡಿ ಇವಳಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳು ಚಂದ್ರನನ್ನು ನೋಡಿ ಮುಗಿಯುವುದಿಲ್ಲ. ಮಧ್ಯಾಹ್ನದ ಕಾವು ನಲವತ್ತೈದು ಡಿಗ್ರಿಗಿಂತ ಕೆಳಗಿಳಿದ ಮೊದಲ ದಿನ ಜ್ಯೇಷ್ಠ ಮುಗಿಯಿತೆಂದು ಸಾರುತ್ತಾರೆ. ಈ ವರ್ಷ ಇನ್ನೂ ಸಾರಿಲ್ಲ. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಮಗೆ ಅವು ದಿನದ ಮಾತುಗಳು; ಬಂದ ಹಾಗೆ ಅರ್ಥ ಹೇಳುತ್ತ ಹೋಗುತ್ತೇನೆ, ಸಹಿಸಿಕೊಳ್ಳಿ. ವಯಸ್ಸಿನ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿಯಾಗಬೇಕಾದವರು. ಆದರೆ ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದು, ನಲವತ್ತು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದು ತರಗತಿಗೆ ಹೋಗಿ ಕುಳಿತ ಮೊದಲ ನರ್ಸುಗಳು ನೀವು. ನನಗೀಗ ನಲವತ್ತೆಂಟು. ಒಂದೇ ಬೆಂಚಿನವರು ಎಂಬ ಸಲಿಗೆಯಿಂದ ಅಕ್ಕಂದಿರೇ ಎಂದೆ.

ನಾವಿರುವುದು ನೆಲದ ಮೇಲಲ್ಲ. ನಿಮ್ಮ ಕಾಲದವರು ನೆಲಕ್ಕೆ ಹಾಸುವ ಫರಸಿ ಕಲ್ಲು ಕಿತ್ತು ಬಿಟ್ಟುಹೋದ ಕ್ವಾರಿಗಳನ್ನು ನಾವು ಖಣಿ ಎನ್ನುತ್ತೇವೆ. ಅವುಗಳ ಗೋಡೆ ಕೊರೆದು ಮನೆ ಮಾಡಿಕೊಂಡಿದ್ದೇವೆ. ಎಪ್ಪತ್ತು ಅಡಿ ಆಳದಲ್ಲಿ ಸ್ವಲ್ಪ ತಂಪಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೆರಳುಹೊತ್ತು. ಆಗ ಏಣಿ ಹತ್ತಿ ಮೇಲೆ ಹೋಗುವಂತಿಲ್ಲ, ಒಲೆ ಹಚ್ಚುವಂತಿಲ್ಲ. ವಾರಕ್ಕೊಮ್ಮೆ ಬಡಿದು ಒಣಗಿಸಿಟ್ಟ ಜೋಳದ ಕಟಿ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತೇವೆ. ಮಕ್ಕಳು ಹುಟ್ಟಿದಂತೆ ಕೋಣೆಗಳೂ ಬೇಕಾಗುತ್ತವೆ, ಹಾಗಾಗಿ ಕಲ್ಲು ಕೊರೆಯುವುದು ನಿಲ್ಲುವುದೇ ಇಲ್ಲ. ಬಿಳಿ ಧೂಳು ಸದಾ ತೇಲುತ್ತಿರುತ್ತದೆ. ತಟ್ಟೆಗಳನ್ನು ಬೋರಲು ಇಡುತ್ತೇವೆ, ಬಾಗಿಲಿಗೆ ಒದ್ದೆ ಸೀರೆ ಕಟ್ಟುತ್ತೇವೆ. ಆದರೂ ಕೆಮ್ಮಿಲ್ಲದ ಮನೆ ಇಲ್ಲ. ನೆರಳುಹೊತ್ತಿನಲ್ಲಿ ನಾನು ಕವಿತೆ ಓದುತ್ತೇನೆ. ನಿಮ್ಮ ಕಾಲದ ಕವಿತೆಗಳಲ್ಲಿ ಮೋಡಗಳು ಬಹಳ. ಕೆಲವು ಪುಟಗಳನ್ನು ಈಗೀಗ ಮಗುಚಿಬಿಡುತ್ತೇನೆ.

ಡಾಕ್ಟರುಗಳು ಇಲ್ಲವೆಂದಲ್ಲ. ಇಡೀ ಜಿಲ್ಲೆಗೆ ಒಂಬತ್ತು ಮಂದಿ ಇದ್ದಾರೆ. ನಗರದ ಆಪರೇಷನ್ ಕೋಣೆ ಬಿಟ್ಟು ಅವರಿಗೆ ಹೊರಗೆ ಬರಲು ಪುರಸೊತ್ತಿಲ್ಲ. ರೋಗ ಯಾವುದೆಂದು ಹೇಳುವುದು, ಔಷಧ ಬರೆಯುವುದು, ಯಾರನ್ನು ನಗರಕ್ಕೆ ಕಳಿಸಬೇಕೆಂದು ತೀರ್ಮಾನಿಸುವುದು, ಎಲ್ಲವೂ ಎರಡನೇ ಓದು ಮುಗಿಸಿದ ನರ್ಸುಗಳ ಕೈಯಲ್ಲಿದೆ. ಹದಿನೈದು ವರ್ಷ ಸೇವೆಯಾದವರಿಗೆ ಮಾತ್ರ ಈ ಓದು, ನಾಲ್ಕು ವರ್ಷದ್ದು. ಮುಗಿಸಿದವಳನ್ನು ಪುಸ್ತಕಗಳು ನಿರ್ಣಾಯಕಿ ಎಂದು ಕರೆಯುತ್ತವೆ. ಖಣಿಯ ಜನ ಹೇಳಾಕಿ ಎನ್ನುತ್ತಾರೆ, ಹೇಳುವವಳು ಎಂದು. ಮಿಕ್ಕ ನರ್ಸುಗಳು ಬರಿಯಾಕಿಯರು, ಬರೆದಿಡುವವರು. ಆರೈಕೆಮನೆಯ ಪಾಳಿಯ ಹಲಗೆಯಲ್ಲಿ ಎರಡು ಸಾಲುಗಳಿವೆ. ಆ ದಿನದ ಹೇಳಾಕಿಯ ಹೆಸರು ಮೇಲಿನ ಸಾಲಿನಲ್ಲಿ, ಉಳಿದವರದು ಕೆಳಗೆ. ಇಪ್ಪತ್ತೆರಡು ವರ್ಷ ನನ್ನ ಹೆಸರು ಕೆಳಗಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ಹಿತವಾಗಿತ್ತು.

ನಮ್ಮ ಮೂರು ಖಣಿಗಳ ಹನ್ನೊಂದು ಸಾವಿರ ಜನಕ್ಕೆ ಒಬ್ಬಳೇ ಹೇಳಾಕಿ, ಖೈರುನ್ನಿಸಾ ಮೇಡಂ. ಎಪ್ಪತ್ತೊಂದು ವರ್ಷ. ನನ್ನನ್ನು ಈ ಓದಿಗೆ ಎಳೆದು ತಂದವರೂ, ಪಾಠ ಹೇಳಿದವರೂ ಅವರೇ. “ನನ್ನ ಕೈ ನಡುಗ್ಲಕತ್ತ್ಯಾವ, ಜಗದೇವಿ. ಇನ್ನ ನಾಕೈದು ವರ್ಷ ಅಷ್ಟೇ. ಆಮ್ಯಾಲ ಈ ಮಂದಿಗಿ ಯಾರ್ ಅದಾರ ಹೇಳು?” ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ನನ್ನ ಅರ್ಜಿ ತುಂಬಿದ್ದರು. ತರಗತಿಯಲ್ಲಿ ಜಿಲ್ಲೆಯ ಬೇರೆ ಬೇರೆ ಖಣಿಗಳಿಂದ ಬಂದ ಹನ್ನೊಂದು ಮಂದಿ ಇದ್ದೆವು, ಎಲ್ಲರಿಗಿಂತ ಚಿಕ್ಕವಳಿಗೆ ಮೂವತ್ತೊಂಬತ್ತು. ಕಲ್ಲಿನ ಬೆಂಚಿನ ಮೇಲೆ ಕುಳಿತು ಏಳುವಾಗ ಎಲ್ಲರ ಮೊಣಕಾಲುಗಳೂ ಸದ್ದು ಮಾಡುತ್ತಿದ್ದವು. ಪಾಠ ಕಷ್ಟವಾಗಲಿಲ್ಲ. ಕೈಗೆ ಗೊತ್ತಿದ್ದ ಸಂಗತಿಗಳಿಗೆ ಕಾರಣ ಓದುವುದು ಒಂದು ಬಗೆಯ ಸಂತೋಷವೇ. ಕಷ್ಟವಾಗಿದ್ದು ಬಾಯಿ ಬಿಡುವುದು. “ಪೇಶಂಟ್ ಬಾಗಲದಾಗ ನಿಂತಾಗ್ಲೇ ಏನಾಗ್ಯದಂತ ನಿನಗ ತಿಳೀತದ,” ಎಂದು ಮೇಡಂ ಹಂಗಿಸುತ್ತಿದ್ದರು. “ಕುರ್ಚಿ ಕೊಟ್ಟು ಕೂಡಿಸಿ ಕೇಳಿದ್ರ ಮಾತ್ರ ಬಾಯಾಗ ಅವಲಕ್ಕಿ ತುಂಬಿದಂಗ ಮಾಡ್ತಿ ನೋಡು!” ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮೂರನೆಯ ವರ್ಷದ ವೈಶಾಖದಲ್ಲಿ ಒಂದು ಬೆಳಿಗ್ಗೆ ಮೇಡಂ ಒಂಬತ್ತನೇ ಖಣಿಗೆ ಹೋಗಬೇಕಾಯಿತು. ಹೋಗುವ ಮುನ್ನ ಹಲಗೆಯ ಮೇಲಿನ ಸಾಲಿನಲ್ಲಿ ನನ್ನ ಹೆಸರು ಬರೆದು, ಕರೆಗಂಟೆಯನ್ನು ನನ್ನ ಜೇಬಿಗೆ ಹಾಕಿದರು. ಮೂರನೆಯ ವರ್ಷದವರಿಗೆ ಅಷ್ಟು ಅಧಿಕಾರ ಇರುತ್ತದೆ. “ಏನವಾ ಹೇಳಾಕಿ, ಇನ್ಮ್ಯಾಲ ನಮಗ ಚಾ ತಂದು ಕೊಡೂದಿಲ್ಲೇನು?” ಎಂದು ಗೆಳತಿಯರು ರೇಗಿಸಿದರು. ನಾನೇ ಚಹಾ ತಂದುಕೊಟ್ಟೆ.

ಹನ್ನೆರಡು ಗಂಟೆಗೆ ಭೀಮಶಾನನ್ನು ಹೊತ್ತು ತಂದರು. ನಲವತ್ನಾಲ್ಕು ವರ್ಷದ ಕಲ್ಲು ಕೊರೆಯುವವನು, ಅಟ್ಟಣಿಗೆಯಿಂದ ಜಾರಿ ಎದೆಯ ಮೇಲೆ ಬಿದ್ದಿದ್ದ. ಜೊತೆಗೆ ಹೆಂಡತಿ ನೀಲಗಂಗಮ್ಮ. ಬಲಗಡೆಯ ಎದೆ ಏಳುತ್ತಿರಲಿಲ್ಲ. ಕುತ್ತಿಗೆಯ ನರಗಳು ಉಬ್ಬಿದ್ದವು, ಗಂಟಲ ಕೊಳವೆ ಎಡಕ್ಕೆ ಸರಿದಿತ್ತು, ತುಟಿ ನೀಲಿಯಾಗಿತ್ತು. ಮುರಿದ ಪಕ್ಕೆಲುಬು ಶ್ವಾಸಕೋಶವನ್ನು ಹರಿದಿದೆ, ಹೊರಬಿದ್ದ ಗಾಳಿ ಎದೆಯೊಳಗೆ ಸಿಕ್ಕಿಕೊಂಡು ಹೃದಯವನ್ನು ಒತ್ತುತ್ತಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಕೊರಳೆಲುಬಿನ ಕೆಳಗೆ ದಪ್ಪ ಸೂಜಿ ಚುಚ್ಚಿ ಆ ಗಾಳಿಯನ್ನು ಬಿಡಬೇಕು. ಆ ಸೂಜಿಯನ್ನು ನನ್ನ ಆಯುಷ್ಯದಲ್ಲಿ ಹತ್ತೊಂಬತ್ತು ಸಲ ಮೇಡಂ ಕೈಗೆ ಕೊಟ್ಟಿದ್ದೇನೆ.

ಆ ದಿನವೂ ನಾನು ಎಂದಿನಂತೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದೆ. ಆಮ್ಲಜನಕ ಹಚ್ಚಿದೆ. ಸೂಜಿ, ಗ್ಲೌಸು, ಸ್ಪಿರಿಟ್ ಹತ್ತಿಯನ್ನು ಟ್ರೇಯಲ್ಲಿ ಜೋಡಿಸಿ ಹಾಸಿಗೆಯ ಬಲಗಡೆ ಇಟ್ಟೆ, ಚುಚ್ಚುವವರು ನಿಲ್ಲುವ ಕಡೆ. ನಾನು ಎಡಗಡೆ ನಿಂತೆ. ಗೋಡೆಯ ಮೇಲಿನ ಗುಂಡಿ ಒತ್ತಿದೆ. ಒತ್ತಿದರೆ ಮೇಲಿನ ಸಾಲಿನವರಿಗೆ ಕರೆ ಹೋಗುತ್ತದೆ. ಆಗಲೇ ನನ್ನ ಏಪ್ರನ್ ಜೇಬಿನಲ್ಲಿದ್ದ ಕರೆಗಂಟೆ ಬಡಿದುಕೊಂಡಿತು. ಬೇರೆ ವಾರ್ಡಿನದಿರಬೇಕೆಂದು ಬಟ್ಟೆಯ ಮೇಲಿನಿಂದಲೇ ಅದುಮಿದೆ. ನಾಡಿ ಎಣಿಸಿದೆ, ಬರೆದೆ, ಮತ್ತೆ ಗುಂಡಿ ಒತ್ತಿದೆ. ಮತ್ತೆ ಬಡಿಯಿತು. “ಇದೊಂದು ಈಗ್ಯಾಕ ಬಡಕೋಲಕತ್ತದ,” ಎಂದು ಸಿಡುಕಿದೆ. ನೀಲಗಂಗಮ್ಮ ನನ್ನ ತೋಳು ಹಿಡಿದು, “ಯಾರ್ ಬರ್ಬೇಕ್ರಿ ಯಕ್ಕಾ?” ಎಂದಳು. “ಹೇಳಾಕಿ ಬರ್ತಾಳ, ತಡೀರಿ,” ಎಂದೆ.

ಹನ್ನೊಂದು ನಿಮಿಷ. ನಾಲ್ಕು ಕರೆ. ಕೇಸ್ ಹಾಳೆಯಲ್ಲಿ ನಾಲ್ಕೂ ಸಲ ವೇಳೆ ಹಾಕಿ, ಮುತ್ತಿನಂಥ ಅಕ್ಷರದಲ್ಲಿ “ತಿಳಿಸಲಾಗಿದೆ” ಎಂದು ಬರೆದಿದ್ದೇನೆ. ಉಸಿರು ನಿಂತ ಮೇಲೆ ಜೇಬಿನಿಂದ ಕರೆಗಂಟೆ ತೆಗೆದು ನೋಡಿದೆ. ಕರೆದವರು ಜಗದೇವಿ, ಕರೆ ಬಂದದ್ದು ಜಗದೇವಿಗೆ. ಹಾಸಿಗೆ ಸುತ್ತಿ ಬಲಗಡೆಗೆ ಓಡಿ ಸೂಜಿ ಚುಚ್ಚಿದೆ. ಗಾಳಿ ಬುಸ್ಸೆಂದು ಹೊರಬಂತು. ಭೀಮಶಾ ಮರಳಿ ಬರಲಿಲ್ಲ.

ವಿಚಾರಣೆಯಾಯಿತು. ಅಭ್ಯಾಸಬಲದ ತಪ್ಪು ಎಂದು ಬರೆದು ಮುಗಿಸಿದರು, ಶಿಕ್ಷೆ ಕೊಡಲಿಲ್ಲ. ಈ ಅಭ್ಯಾಸ ಎಲ್ಲಿಂದ ಬಂತೆಂದು ನಾನು ಹಳೆಯ ದಾಖಲೆಗಳ ಕೋಣೆಯಲ್ಲಿ ತಿಂಗಳುಗಟ್ಟಲೆ ಕುಳಿತೆ. ನಿಮ್ಮ ಕಾಲದ ಕೇಸ್ ಹಾಳೆಗಳು ಅಲ್ಲಿವೆ. ಯಾವ ಆಸ್ಪತ್ರೆಯೋ, ಹೆಸರು ಅಳಿಸಿದೆ. ಒಬ್ಬ ಬಾಣಂತಿಗೆ ರಕ್ತಸ್ರಾವ. ನರ್ಸು ಮೂರು ಸಲ “ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ” ಎಂದು ಬರೆದಿದ್ದಾಳೆ. ನಾಲ್ಕನೆಯ ಸಾಲು ಬೇರೆ ಶಾಯಿಯಲ್ಲಿ: “ಹಾಸಿಗೆ ಖಾಲಿ.” ಆ ನರ್ಸಿಗೆ ಮಾಡಬೇಕಾದುದೇನೆಂದು ಗೊತ್ತಿತ್ತು, ಅವಳ ಅಕ್ಷರ ನೋಡಿದರೆ ತಿಳಿಯುತ್ತದೆ, ಮೂರನೆಯ ಸಲ ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದಾಳೆ. ಅವಳಿಗೆ ಅಧಿಕಾರವಿರಲಿಲ್ಲ. ನನಗಿತ್ತು. ಅವಳು ಕಾದಂತೆಯೇ ನಾನೂ ಕಾದೆ.

ಎರಡನೇ ಓದಿನ ಕೊನೆಯ ಪರೀಕ್ಷೆಗೆ ತಪ್ಪಿನ ಪ್ರಬಂಧ ಎಂದು ಹೆಸರು. ನಿಮ್ಮ ಕೈಯಿಂದಾದ ಅತಿ ದೊಡ್ಡ ತಪ್ಪನ್ನು ಬರೆದು, ಅದರಿಂದ ನೊಂದವರ ಮನೆಗೆ ಹೋಗಿ ಓದಬೇಕು. ಕ್ಷಮೆ ಕೇಳುವಂತಿಲ್ಲ, ಕೇಳಿದರೆ ಅವರು ಕೊಡಲೇಬೇಕಾದ ಸಂಕಟಕ್ಕೆ ಸಿಕ್ಕುತ್ತಾರೆ ಎಂದು ನಿಯಮ. ಓದು ಮುಗಿದ ಮೇಲೆ ಮನೆಯವರು ಸಹಿ ಹಾಕಬಹುದು, ಇಲ್ಲವೇ ಹಾಳೆಯನ್ನು ಖಾಲಿ ಬಿಡಬಹುದು. ಖಾಲಿ ಬಿಟ್ಟರೆ ಹೆಸರು ಸಾಯುವತನಕ ಕೆಳಗಿನ ಸಾಲಿನಲ್ಲಿ. ಪ್ರಬಂಧದ ಜೊತೆಗೆ ಹಿಂದಿನವರಿಗೊಂದು ಪತ್ರ ಬರೆದಿಡಬೇಕು. ನೀವು ಓದುತ್ತಿರುವುದು ಅದನ್ನೇ.

ಮೂರು ದಿನದ ಹಿಂದೆ, ನೆರಳುಹೊತ್ತಿನಲ್ಲಿ, ನೀಲಗಂಗಮ್ಮನ ಕೋಣೆಯಲ್ಲಿ ಓದಿದೆ. ಮೊದಲು ಅರ್ಧ ದಿನ ಕೊರೆಯುತ್ತಿದ್ದವಳು, ಗಂಡ ಸತ್ತ ಮೇಲೆ ಅವನ ಜಾಗದಲ್ಲಿ ಪೂರ್ತಿ ದಿನ ಕಲ್ಲು ಕೊರೆಯುತ್ತಾಳೆ. ಕೂದಲು ತೊಳೆದರೂ ಬಿಳಿ. ಖೈರುನ್ನಿಸಾ ಮೇಡಂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದರು. ಸಹಿ ಸಿಗದಿದ್ದರೆ ಮೂರು ಖಣಿಗಳಿಗೆ ಆ ನಡುಗುವ ಕೈಗಳೇ ಗತಿ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನೀಲಗಂಗಮ್ಮನಿಗೂ ಗೊತ್ತಿತ್ತು.

ಓದಿ ಮುಗಿಸಿದೆ. “ಸೂಜಿ ನಿಮ್ಮ ಮುಂದ ಇತ್ತಲ್ರೀ,” ಎಂದಳು. ಹೌದೆಂದೆ. ಅವಳಿಗೆ ಕೆಮ್ಮು ಬಂತು, ನಿಲ್ಲಲು ಸಮಯ ಹಿಡಿಯಿತು. ಬಾಯಿ ಒರೆಸಿಕೊಂಡು ಅವಳು ಹೇಳಿದ್ದು ಇಷ್ಟು: “ಎರಡು ವರ್ಷಾತ್ರಿ ಈ ಕೆಮ್ಮು. ಆರೈಕೆಮನಿಗಿ ಹೋದಾಗೊಮ್ಮೆ ಎದಿಗಿ ನಳಿಗಿ ಇಡ್ತೀರಿ, ಬರಕೋತೀರಿ, ಮ್ಯಾಲಿನವ್ರಿಗಿ ತಿಳಸ್ತೀವಿ ಅಂತೀರಿ. ಇವತ್ತ ನೀವ ಹೇಳ್ರಿ. ನನಗೇನಾಗ್ಯದ?”

ನಾನು ಮೇಡಂ ಮುಖ ನೋಡಿದೆ. ಅವರು ಗೋಡೆಯ ಕಡೆಗೆ ತಿರುಗಿಕೊಂಡರು.

ಅವಳ ಬೆನ್ನಿಗೆ ಬೆರಳಿಟ್ಟು ತಟ್ಟಿದೆ, ನಳಿಗೆಯಿಟ್ಟು ಎರಡೂ ಕಡೆ ಕೇಳಿದೆ, ಉಗುರು ನೋಡಿದೆ. ಅವಳಿಗಿನ್ನೂ ನಲವತ್ತೊಂದು. ಧೂಳು ಎರಡೂ ಶ್ವಾಸಕೋಶಗಳಲ್ಲಿ ಗಟ್ಟಿಯಾಗಿದೆ, ಇದು ವಾಸಿಯಾಗುವುದಲ್ಲ, ಇವತ್ತೇ ಕೊರೆಯುವುದು ಬಿಟ್ಟರೆ ಮೂರೋ ನಾಲ್ಕೋ ವರ್ಷ, ಬಿಡದಿದ್ದರೆ ಒಂದು ವರ್ಷ ಎಂದು ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಅಪರಿಚಿತವಾಗಿತ್ತು.

“ಬಿಟ್ರ ಉಣ್ಣೂದೇನ್ರಿ?”

“ಅದು ನನಗ ಗೊತ್ತಿಲ್ಲವ್ವ. ಆದ್ರ ಕೊರೀಬ್ಯಾಡ.”

ಅವಳು ಹಾಳೆ ಎಳೆದುಕೊಂಡು ಸಹಿ ಹಾಕಿದಳು. “ಮಾಫಿ ಮಾಡೀನಂತ ತಿಳೀಬ್ಯಾಡ್ರಿ,” ಎಂದಳು. “ಹೇಳಿದ್ರಲ್ಲ, ಅದಕ್ಕ.”

ಇವತ್ತು ಪದವಿಯ ಕಾಗದ ಬಂತು. ಸಂತೋಷವಾಗಲಿಲ್ಲ. ನನ್ನ ಸ್ವಂತ ಅಧಿಕಾರದಿಂದ ಸಹಿ ಹಾಕಿದ ಮೊದಲ ಕಾಗದ ನೀಲಗಂಗಮ್ಮನದು. ಇವಳನ್ನು ಕಲ್ಲಿನ ಕೆಲಸದಿಂದ ಬಿಡಿಸಿ, ಊಟದ ಪಾಲು ಮುಂದುವರಿಸಬೇಕು ಎಂದು ಖಣಿಯ ಕಚೇರಿಗೆ ಬರೆದೆ. ಅವರಿನ್ನೂ ಉತ್ತರಿಸಿಲ್ಲ. ಬೆಳಿಗ್ಗೆ ಅವಳು ಉಳಿ ಸುತ್ತಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ಅಡ್ಡ ನಿಂತೆ. ನನ್ನನ್ನು ಸುತ್ತಿಕೊಂಡು ಹೋದಳು.

ಅಕ್ಕಂದಿರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಆ ತರಗತಿಯಲ್ಲಿ ಕುಳಿತಾಗ ಪರೀಕ್ಷೆಗೆ ಬೇಕಾದುದನ್ನು ಹೇಗೂ ಓದಿಕೊಳ್ಳುತ್ತೀರಿ. ಆದರೆ ಗೊತ್ತಿರುವ ಉತ್ತರವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಪಕ್ಕದವರ ಮುಖ ನೋಡಬೇಡಿ. ತಪ್ಪಾದರೂ ಸರಿ, ಹೇಳಿ, ತಿದ್ದಿಸಿಕೊಳ್ಳಿ. ಹಾಸಿಗೆಯ ಇನ್ನೊಂದು ಬದಿಗೆ ಹೋಗಿ ನಿಲ್ಲುವುದನ್ನು ಯಾರೂ ಸಾಯದ ದಿನಗಳಲ್ಲೇ ಕಾಲಿಗೆ ಕಲಿಸಿ. ನೀವು ದಿನವೂ ಮಾಡಿದ್ದು ನಮ್ಮವರೆಗೆ ಬರುತ್ತದೆ, ನಡುವೆ ಯಾರೂ ಅದನ್ನು ತಡೆಯಲಿಲ್ಲ.

ನಾಳೆ ಏಳು ಗಂಟೆಗೆ ನನ್ನ ಪಾಳಿ. ರೋಗಿಗಳ ಪಟ್ಟಿಯಲ್ಲಿ ಮೊದಲು ನೀಲಗಂಗಮ್ಮನನ್ನು ಬರೆದಿದ್ದೇನೆ. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಜಗದೇವಿ
ಖಣಿ ಏಳರ ಆರೈಕೆಮನೆ